ಸೋದರಿಯ ಪಾಲು ಮತ್ತು ಅಚೌರ್ಯಾಣುವ್ರತ: ಒಂದು ಚಾರಿತ್ರಿಕ ವಿವೇಚನೆ

ಜೈನ ಧರ್ಮವು ಸ್ತ್ರೀಯರಿಗೆ ನೀಡಿದ ಸ್ಥಾನಮಾನವನ್ನು ಕುರಿತು ನಮ್ಮ ಸಭೆ ಸಮಾರಂಭಗಳಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಮುನಿ, ಆರ್ಯಿಕೆ, ಶ್ರಾವಕ, ಶ್ರಾವಿಕೆ ಎಂಬ ಚತುರ್ವಿಧ ಸಂಘದಲ್ಲಿ ಶ್ರಾವಿಕೆಯೂ ಒಂದು ಅಂಗವೆಂದು ಹೇಳುತ್ತೇವೆ. ಆದಿನಾಥ ಸ್ವಾಮಿಯು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದ ಪ್ರಸಂಗವನ್ನು ನೆನೆಯುತ್ತೇವೆ. ಅತ್ತಿಮಬ್ಬೆಯ ಹೆಸರು ಬಂದಾಗಲಂತೂ ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಅದೇ ಸಭೆಯಿಂದ ಮನೆಗೆ ಹಿಂದಿರುಗಿದ ಗೃಹಸ್ಥನು, ತಂದೆ ತೀರಿಕೊಂಡ ಕೆಲವೇ ತಿಂಗಳಲ್ಲಿ, ತನ್ನ ಅಕ್ಕತಂಗಿಯರನ್ನು ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾನೆ. ಈ ಎರಡು ನಡೆಗಳ ನಡುವೆ ವಿರೋಧವಿದೆಯೆಂದು ಅವನಿಗೆ ಅನಿಸುವುದಿಲ್ಲ. ನಮ್ಮ ಪುರಾಣ, ಶಾಸನ ಮತ್ತು ಕಾನೂನಿನ ಚರಿತ್ರೆಯನ್ನು ಮುಂದಿಟ್ಟುಕೊಂಡು ಆ ವಿರೋಧವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಜಿನಸೇನಾಚಾರ್ಯರ ವಿಧಿ

ಹೆಣ್ಣುಮಕ್ಕಳಿಗೆ ಪಾಲು ಕೊಡುವುದು ಇತ್ತೀಚಿನ ಕಾನೂನು ತಂದ ಹೊಸ ಪದ್ಧತಿ, ನಮ್ಮ ಸಂಪ್ರದಾಯದಲ್ಲಿ ಅದಕ್ಕೆ ಆಧಾರವಿಲ್ಲ ಎಂಬ ಮಾತು ಹಿರಿಯರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತು ಸತ್ಯಕ್ಕೆ ದೂರವಾದುದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ರಚಿಸಿದ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ಶ್ರಾವಕನ ಜೀವನಕ್ಕೆ ಸಂಬಂಧಿಸಿದ ಕ್ರಿಯೆಗಳ ನಿರೂಪಣೆಯಿದೆ. ಅವುಗಳಲ್ಲಿ ಗೃಹತ್ಯಾಗವೂ ಒಂದು. ಮನೆಯನ್ನು ಬಿಟ್ಟು ಹೊರಡುವ ಗೃಹಸ್ಥನು ಹಿರಿಯ ಮಗನನ್ನು ಕರೆದು ಸಂಪತ್ತಿನ ವಿನಿಯೋಗವನ್ನು ತಿಳಿಸುವ ವಿಧಿ ಅದು. ಧನವನ್ನು ಮೂರು ಭಾಗ ಮಾಡಿ ಒಂದನ್ನು ಧರ್ಮಕಾರ್ಯಕ್ಕೆ, ಎರಡನೆಯದನ್ನು ಮನೆಯ ವೆಚ್ಚಕ್ಕೆ, ಮೂರನೆಯದನ್ನು ಒಡಹುಟ್ಟಿದವರಲ್ಲಿ ಹಂಚುವುದಕ್ಕೆ ಎಂದು ಆತ ಹೇಳುತ್ತಾನೆ. ಅಷ್ಟಕ್ಕೇ ನಿಲ್ಲದೆ, ಹೆಣ್ಣುಮಕ್ಕಳೂ ಗಂಡುಮಕ್ಕಳಿಗೆ ಸಮನಾಗಿ ಪಾಲು ಪಡೆಯಲು ಅರ್ಹರೆಂದು ಸ್ಪಷ್ಟಪಡಿಸುತ್ತಾನೆ.

ಇದು ಎಲ್ಲೋ ಅಂಚಿನಲ್ಲಿರುವ ಗ್ರಂಥದ ಮಾತಲ್ಲ. ಬಸದಿಗಳಲ್ಲಿ ಶ್ರುತಪೂಜೆಗೆ ಇಡುವ ಗ್ರಂಥಗಳಲ್ಲಿ ಮಹಾಪುರಾಣಕ್ಕೆ ಎಂಥ ಸ್ಥಾನವಿದೆಯೆಂದು ವಾಚಕರಿಗೆ ವಿವರಿಸಬೇಕಿಲ್ಲ. ಆ ಗ್ರಂಥಕ್ಕೆ ಅರ್ಘ್ಯವೆತ್ತುವ ನಾವು ಅದರ ಈ ಭಾಗವನ್ನು ಮಾತ್ರ ಓದದೆ ಬಿಟ್ಟಿದ್ದೇವೆ.

ಶಾಸನಗಳು ಕಾಣಿಸುವ ಶ್ರಾವಿಕೆಯರು

ಗ್ರಂಥದ ಮಾತು ಆದರ್ಶವಷ್ಟೇ, ನಡೆ ಬೇರೆಯಿದ್ದೀತು ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಶಾಸನಗಳನ್ನು ನೋಡಬೇಕು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ 10ನೆಯ ಶತಮಾನದ ಎರಡನೆಯ ದಶಕದ ಒಂದು ಶಾಸನವಿದೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನನು ಮರಣ ಹೊಂದಿದಾಗ ಆ ಅಧಿಕಾರವು ಅವನ ಪತ್ನಿ ಜಕ್ಕಿಯಬ್ಬೆಗೆ ಬಂದಿತು. ಆಕೆ ನಾಡನ್ನು ದಕ್ಷತೆಯಿಂದ ಆಳಿದುದನ್ನು ಶಾಸನ ಕೊಂಡಾಡುತ್ತದೆ. ಕೊನೆಗೆ ದೇಹಕ್ಕೆ ವ್ಯಾಧಿ ತಗುಲಿದಾಗ ಆಕೆ ತನ್ನ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನವನ್ನು ಕೈಗೊಂಡಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ಹೊಣೆ ಸಾಗಿದ ಈ ಕ್ರಮವು ಸಾವಿರದ ನೂರು ವರ್ಷಗಳಿಂದ ಕಲ್ಲಿನ ಮೇಲಿದೆ.

ಅತ್ತಿಮಬ್ಬೆಯ ವೃತ್ತಾಂತ ನಮಗೆ ಹೆಚ್ಚು ಪರಿಚಿತ. ಚಾಲುಕ್ಯರ ದಂಡನಾಯಕ ಮಲ್ಲಪಯ್ಯನ ಮಗಳಾದ ಆಕೆಯೂ ಆಕೆಯ ತಂಗಿ ಗುಂಡಮಬ್ಬೆಯೂ ನಾಗದೇವನೆಂಬ ವೀರನಿಗೆ ಪತ್ನಿಯರಾದರು. ನಾಗದೇವನ ಮರಣದ ನಂತರ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಬೆಳೆಸುತ್ತ ಬದುಕಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳೆಂದೂ ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳೆಂದೂ ಆಕೆಯ ಕೀರ್ತಿ. ರನ್ನನು 993ರಲ್ಲಿ ಅಜಿತಪುರಾಣವನ್ನು ಬರೆದದ್ದು ಆಕೆಯ ಆಶ್ರಯದಲ್ಲಿ. ಲಕ್ಕುಂಡಿಯ ಬ್ರಹ್ಮಜಿನಾಲಯದ 1007ರ ಶಾಸನವು ಆಕೆಯ ದಾನಗುಣವನ್ನು ಸಾರುತ್ತದೆ.

ನಾವು ಅತ್ತಿಮಬ್ಬೆಯ ದಾನವನ್ನು ಸ್ತುತಿಸುವಾಗ ಅದರ ಹಿಂದಿರುವ ಒಂದು ಸರಳ ಸಂಗತಿಯನ್ನು ಗಮನಿಸುವುದಿಲ್ಲ. ತನ್ನದಲ್ಲದ ವಸ್ತುವನ್ನು ಯಾರೂ ದಾನ ಮಾಡಲಾರರು. ಗಂಡನನ್ನು ಕಳೆದುಕೊಂಡ ಆ ಹೆಂಗಸಿನ ಕೈಯಲ್ಲಿ, ಯಾರ ಅಪ್ಪಣೆಗೂ ಕಾಯದೆ ವಿನಿಯೋಗಿಸಬಹುದಾದ ಸಂಪತ್ತು ಇತ್ತು. ಅದಿಲ್ಲದಿದ್ದರೆ ದಾನಚಿಂತಾಮಣಿ ಎಂಬ ಬಿರುದೂ ಇರುತ್ತಿರಲಿಲ್ಲ. ತಾಳೆಗರಿಯ ಆ ಸಾವಿರ ಪ್ರತಿಗಳೂ ಹುಟ್ಟುತ್ತಿರಲಿಲ್ಲ.

ಶ್ರವಣಬೆಳಗೊಳದಲ್ಲಿಯೂ ಇಂತಹ ನಿದರ್ಶನಗಳಿವೆ. ಹೊಯ್ಸಳ ರಾಣಿ ಶಾಂತಲೆಯು ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದಳು. ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯು ಶೈವ ಬ್ರಾಹ್ಮಣನು. ಅವನ ಪತ್ನಿ ಆಚಿಯಕ್ಕನು ಜಿನಭಕ್ತೆ. ಆಕೆ 1181ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಜಿನಾಲಯವೇ ಇಂದಿನ ಅಕ್ಕನ ಬಸದಿ. ಗಂಡನ ಮತ ಬೇರೆಯಾಗಿದ್ದರೂ ಆಕೆಯ ಶ್ರದ್ಧೆಗೂ ದಾನಕ್ಕೂ ಆ ಮನೆಯಲ್ಲಿ ಎಡೆಯಿತ್ತು. ಬಸದಿಗೆ ಗ್ರಾಮವೊಂದನ್ನು ದತ್ತಿಯಾಗಿ ಕೊಡಬೇಕೆಂದು ಅರಸನನ್ನು ಬೇಡಿಕೊಂಡವನು ಆ ಗಂಡನೇ.

ಇನ್ನು ತುಳುನಾಡಿನ ಜೈನ ಮನೆತನಗಳಲ್ಲಿ ಅಳಿಯಸಂತಾನದ ಕಟ್ಟು ನಡೆದುಬಂದಿತು. ಅಲ್ಲಿ ಕುಟುಂಬದ ಆಸ್ತಿಯು ಹೆಣ್ಣಿನ ಸಂತತಿಯ ಮೂಲಕ ಸಾಗುತ್ತಿತ್ತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಅಂತಹ ಜೈನ ಮನೆತನವಾದ ಚೌಟರ ವಂಶದವಳು. ಉತ್ತರ ಕನ್ನಡದ ಗೇರುಸೊಪ್ಪೆಯಲ್ಲಿ 16ನೆಯ ಶತಮಾನದ ಉತ್ತರಾರ್ಧದಲ್ಲಿ ಆಳಿದ ಚೆನ್ನಭೈರಾದೇವಿಯೂ ಜೈನಳೇ. ಆಕೆಯ ನಾಡಿನ ಮೆಣಸಿನ ವ್ಯಾಪಾರದ ಪ್ರಾಬಲ್ಯವನ್ನು ಕಂಡ ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮೇಲೆ ಹೆಸರಿಸಿದವರೆಲ್ಲ ಅರಸುಮನೆತನದವರು, ದಂಡನಾಯಕರ ಮತ್ತು ಅಧಿಕಾರಿಗಳ ಮನೆಯವರು. ಸಾಮಾನ್ಯ ಒಕ್ಕಲಿನ ಅಥವಾ ಬಡ ವರ್ತಕನ ಮನೆಯ ಹೆಣ್ಣುಮಗಳ ಬದುಕನ್ನು ಕಲ್ಲಿನ ಮೇಲೆ ಕೊರೆಯಿಸುವವರು ಇರಲಿಲ್ಲ. ಗುಂಡಮಬ್ಬೆಯ ಅಂತ್ಯವೂ ಅದೇ ಚರಿತ್ರೆಯ ಭಾಗ. ಆದ್ದರಿಂದ ಪ್ರಾಚೀನ ಕಾಲವು ಸ್ತ್ರೀಯರಿಗೆ ಸುವರ್ಣಯುಗವಾಗಿತ್ತೆಂದು ಹೇಳುವುದು ಉತ್ಪ್ರೇಕ್ಷೆಯಾದೀತು. ಸ್ತ್ರೀಯ ಕೈಯಲ್ಲಿ ಸ್ವಂತ ಸಂಪತ್ತಿರುವುದು ಧರ್ಮಕ್ಕೆ ವಿರುದ್ಧವೆಂದು ಆ ಕಾಲದ ಜೈನ ಸಮಾಜವು ಭಾವಿಸಿರಲಿಲ್ಲ ಎಂಬುದಷ್ಟೇ ಇವುಗಳಿಂದ ಸಿದ್ಧವಾಗುತ್ತದೆ. ನಮ್ಮ ವಾದಕ್ಕೆ ಅಷ್ಟು ಸಾಕು.

ಕಾನೂನು ನಡೆದು ಬಂದ ದಾರಿ

ಕಾಲಕ್ರಮದಲ್ಲಿ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬವೇ ಬಹುಪಾಲು ಜೈನರ ನಡೆಯೂ ಆಯಿತು. ಅದರಲ್ಲಿ ಮಗನಿಗೆ ಹುಟ್ಟಿನಿಂದ ಹಕ್ಕು. ಮಗಳಿಗೆ ಪಾಲನೆ ಮತ್ತು ವಿವಾಹದ ವೆಚ್ಚ ಮಾತ್ರ. ವಿಧವೆಗೆ ಜೀವಿತಾವಧಿಯ ಸೀಮಿತ ಹಕ್ಕು. ಆದರೂ ಜೈನರ ರೂಢಿ ಬೇರೆಯೆಂಬ ನೆನಪು ಪೂರ್ತಿಯಾಗಿ ಅಳಿದಿರಲಿಲ್ಲ. ಉತ್ತರ ಭಾರತದ ಸರಾವಗಿ ಅಗ್ರವಾಲ ಜೈನರಿಗೆ ಸಂಬಂಧಿಸಿದ ಮೊಕದ್ದಮೆಯೊಂದರಲ್ಲಿ, ಮಕ್ಕಳಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯಲ್ಲಿ ಪೂರ್ಣ ಹಕ್ಕಿದೆಯೆಂಬ ರೂಢಿಯನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ 1878ರಲ್ಲಿ ಒಪ್ಪಿಕೊಂಡಿತು. ಬ್ಯಾರಿಸ್ಟರ್ ಚಂಪತ್‌ರಾಯ್ ಜೈನ್ ಅವರು 1926ರಲ್ಲಿ ಪ್ರಕಟಿಸಿದ ಜೈನ ಕಾನೂನಿನ ಗ್ರಂಥದಲ್ಲಿ ವಿಧವೆಯ ಪೂರ್ಣ ಹಕ್ಕನ್ನು ಜೈನ ಶಾಸ್ತ್ರಗಳ ಆಧಾರದಿಂದ ಸಮರ್ಥಿಸಿದರು.

ಮೈಸೂರು ಸಂಸ್ಥಾನವು 1933ರಲ್ಲಿಯೇ ಸ್ತ್ರೀಯರ ಹಕ್ಕುಗಳ ಕಾಯಿದೆಯೊಂದನ್ನು ತಂದು, ವಿಭಾಗದ ಕಾಲದಲ್ಲಿ ವಿಧವೆ, ತಾಯಿ, ಅವಿವಾಹಿತ ಮಗಳು ಮತ್ತು ಸೋದರಿಗೆ ಪಾಲನ್ನು ನಿಗದಿಪಡಿಸಿತು. ಅವಿವಾಹಿತ ಮಗಳಿಗೆ ದೊರೆಯುತ್ತಿದ್ದುದು ಸೋದರನ ಪಾಲಿನ ನಾಲ್ಕರಲ್ಲಿ ಒಂದು ಭಾಗ ಮಾತ್ರ. ಆದರೂ ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಬೌದ್ಧ, ಸಿಖ್ಖರೊಡನೆ ಜೈನರಿಗೂ ಅನ್ವಯಿಸಿತು. ಉಯಿಲು ಬರೆಯದೆ ತೀರಿಕೊಂಡ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ಪತ್ನಿ, ಮಗ, ಮಗಳು, ತಾಯಿ ಸಮಾನ ವಾರಸುದಾರರಾದರು. ಸ್ತ್ರೀಯು ಹೊಂದಿರುವ ಆಸ್ತಿಯು ಅವಳ ಪೂರ್ಣ ಸ್ವತ್ತೆಂದು 14ನೆಯ ಕಲಮು ಘೋಷಿಸಿತು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಾತ್ರ ಮಗಳಿಗೆ ಹುಟ್ಟಿನಿಂದ ಹಕ್ಕು ಬರಲಿಲ್ಲ. ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಿಂದ ಆ ಹಕ್ಕನ್ನು ನೀಡಿತಾದರೂ, ಅದಕ್ಕೂ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಈ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಜೀವಂತನಾಗಿರಬೇಕೇ ಎಂಬ ವಿವಾದವನ್ನು ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟ್ 11ರಂದು ಬಗೆಹರಿಸಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಆಜ್ಞೆಯಿಂದಲೋ ಆಗಿಹೋದ ವಿಭಾಗಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ.

2014ರಲ್ಲಿ ಜೈನರಿಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ದೊರೆತ ಮೇಲೆ ಈ ಕಾನೂನುಗಳು ನಮಗೆ ಅನ್ವಯಿಸುವುದಿಲ್ಲವೆಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಅಲ್ಪಸಂಖ್ಯಾತ ಸ್ಥಾನದಿಂದ ಉತ್ತರಾಧಿಕಾರದ ನಿಯಮ ಬದಲಾಗಿಲ್ಲ. ಕಾಯಿದೆಯ 2ನೆಯ ಕಲಮಿನಲ್ಲಿ ಜೈನರ ಹೆಸರು ಮೊದಲಿದ್ದಂತೆಯೇ ಇದೆ.

ರೂಢಿಯ ಕಾಗದ

ಹೀಗೆ ಪುರಾಣವು ಪಾಲು ಕೊಡು ಎನ್ನುತ್ತದೆ, ಕಾನೂನೂ ಕೊಡು ಎನ್ನುತ್ತದೆ. ಆದರೂ ನಮ್ಮ ಮನೆಗಳಲ್ಲಿ ಪಾಲು ಸೋದರಿಯ ಕೈ ಸೇರುವುದು ಅಪರೂಪ. ತಂದೆಯ ಹೆಸರಿನ ಜಮೀನನ್ನು ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಡುವವರುಂಟು. ಹೆಸರು ಸೇರಿಸಿದವರು ಹಕ್ಕು ಬಿಡುಗಡೆ ಪತ್ರ ಬರೆಯಿಸುತ್ತಾರೆ. ಸಹಿಯ ದಿನ ಸೋದರಿಗೆ ಒಂದು ರೇಷ್ಮೆ ಸೀರೆ, ಮನೆಯಲ್ಲಿ ಹೋಳಿಗೆಯ ಊಟ. ಅಲ್ಲಿಗೆ ಲೆಕ್ಕ ಮುಗಿಯಿತೆಂದು ತಿಳಿಯುತ್ತೇವೆ.

ಅನ್ಯರನ್ನು ದೂಷಿಸಿ ನಾನು ದೂರ ನಿಲ್ಲಲಾರೆ. ಈ ಲೇಖಕನೂ ಆ ಸಾಲಿಗೆ ಸೇರಿದವನೇ. ನಮ್ಮ ತಂದೆಯವರು 1996ರಲ್ಲಿ ತೀರಿಕೊಂಡರು. ತಾಯಿ ಮೊದಲೇ ಗತಿಸಿದ್ದರು. ತಂದೆ ಉಯಿಲು ಬರೆದಿರಲಿಲ್ಲ. ಅವರು ತಾವೇ ಸಂಪಾದಿಸಿದ ಮನೆಗೂ ಮೂರು ಮಳಿಗೆಗಳಿಗೂ ಅಕ್ಕ, ನಾನು, ತಮ್ಮ ಸಮಾನ ವಾರಸುದಾರರು. ವಾಣಿಜ್ಯ ಪದವೀಧರನಾದ ನನಗೆ ಅದು ತಿಳಿಯದ ವಿಷಯವಾಗಿರಲಿಲ್ಲ. ಪತ್ರದ ಕರಡನ್ನು ನಾನೇ ಬರೆದೆ. ಕಚೇರಿಯ ಜಗಲಿಯಲ್ಲಿ ಅಕ್ಕ ಕೇಳಿದಳು: "ಇದರಲ್ಲಿ ಏನು ಬರೆದಿದೆಯಪ್ಪ?" ನಾನು ಹೇಳಿದೆ: "ರೂಢಿಯ ಕಾಗದ ಅಕ್ಕ, ಸಹಿ ಹಾಕು." ಅವಳು ಓದದೆ ಸಹಿ ಹಾಕಿದಳು.

2009ರಲ್ಲಿ ಭಾವನವರು ತೀರಿಕೊಂಡರು. ಅವರ ಸಾಲಗಳಿಗೆ ಮನೆ ಹೋಯಿತು. ಅಕ್ಕ ಬಾಡಿಗೆಯ ಎರಡು ಕೋಣೆಗಳಲ್ಲಿ ವಾಸಿಸುತ್ತ, ಹಪ್ಪಳ ಸಂಡಿಗೆ ಮಾಡಿ ಮಾರುತ್ತ, ಮಗಳನ್ನು ಓದಿಸಿದಳು. ತವರಿಗೆ ಬಂದಾಗ ಒಂದು ದಿನವೂ ಕೈಚಾಚಲಿಲ್ಲ. ನಾನು ಹಬ್ಬಕ್ಕೆ ಕೊಟ್ಟ ಹಣವನ್ನು ಅರಿಶಿನ ಕುಂಕುಮವೆಂದು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಿದ್ದಳು. ಅದು ಅವಳ ಮಳಿಗೆಯಿಂದ ಬರುತ್ತಿದ್ದ ಬಾಡಿಗೆಯ ಸಣ್ಣ ಅಂಶವೆಂದು ನಾನು ಒಮ್ಮೆಯೂ ಹೇಳಲಿಲ್ಲ.

ಮೂರು ಸಮರ್ಥನೆಗಳು

ಇಂತಹ ನಡೆಗೆ ನಾವು ಮೂರು ಸಮರ್ಥನೆಗಳನ್ನು ಕೊಡುತ್ತೇವೆ. ಮದುವೆಯಲ್ಲಿ ಸಾಕಷ್ಟು ಕೊಟ್ಟಿದ್ದೇವೆ ಎಂಬುದು ಮೊದಲನೆಯದು. ಕೊಟ್ಟದ್ದು ಯಾರಿಗೆ? ವರದಕ್ಷಿಣೆಯ ಹಣ ಬೀಗರ ಮನೆಯ ವ್ಯವಹಾರದಲ್ಲಿ ಕರಗುತ್ತದೆ. ಕಲ್ಯಾಣಮಂಟಪದ ವೆಚ್ಚವು ನಮ್ಮ ಪ್ರತಿಷ್ಠೆಗಾಗಿ ಮಾಡಿದ್ದು. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಅಪರಾಧವೊಂದನ್ನು ತೋರಿಸಿ ಹಕ್ಕನ್ನು ಜಮಾ ಮಾಡಿಕೊಳ್ಳುವುದು ಯಾವ ಲೆಕ್ಕಶಾಸ್ತ್ರ?

ಅಂಗಡಿಯನ್ನು ಒಡೆದು ಹಂಚಿದರೆ ವ್ಯಾಪಾರ ಕೆಡುತ್ತದೆ ಎಂಬುದು ಎರಡನೆಯದು. ಪಾಲುದಾರನೊಬ್ಬ ನಿವೃತ್ತನಾದಾಗ ಅವನ ಬಂಡವಾಳವನ್ನೂ ಅಂಗಡಿಯ ಹೆಸರಿನ ಬೆಲೆಯನ್ನೂ ಲೆಕ್ಕ ಹಾಕಿ ಕಂತುಗಳಲ್ಲಿ ಸಲ್ಲಿಸುವುದು ವರ್ತಕರಿಗೆಲ್ಲ ತಿಳಿದಿರುವ ಕ್ರಮ. ಹೊರಗಿನ ಪಾಲುದಾರನಿಗೆ ಸಾಧ್ಯವಾದುದು ಒಡಹುಟ್ಟಿದವಳಿಗೆ ಅಸಾಧ್ಯವೇಕೆ?

ಪಾಲು ಕೇಳಿದರೆ ತವರಿನ ಸಂಬಂಧ ಮುರಿಯುತ್ತದೆ ಎಂಬುದು ಮೂರನೆಯದು. ಇದನ್ನು ಹೇಳುವವರು ಪಾಲನ್ನು ಇಟ್ಟುಕೊಂಡವರು. ಸಂಬಂಧ ಮುರಿದೀತೆಂಬ ಭಯದಿಂದಲೇ ಸೋದರಿ ಸಹಿ ಹಾಕುತ್ತಾಳೆ. ತಿಳಿದು, ಬೆಲೆಯನ್ನು ಅರಿತು, ಭಯವಿಲ್ಲದೆ ಬಿಟ್ಟುಕೊಟ್ಟರೆ ಅದು ದಾನ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ತಿಳಿಸದೆ ಪಡೆದದ್ದಕ್ಕೆ ನಮ್ಮ ಶಾಸ್ತ್ರದಲ್ಲಿ ಬೇರೆ ಹೆಸರಿದೆ.

ವ್ರತದ ದೃಷ್ಟಿ

ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ತತ್ತ್ವಾರ್ಥಸೂತ್ರದ ನಿರ್ಣಯ. ಅದತ್ತಾದಾನವೆಂದರೆ ಇದೇ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವೂ ಒಂದು, ಅಂದರೆ ತೂಕ ಅಳತೆಗಳಲ್ಲಿ ಮೋಸ. ತಕ್ಕಡಿಯಲ್ಲಿ ಒಂದು ಗುಲಗಂಜಿಯಷ್ಟು ಕಡಿಮೆ ತೂಗಲು ಹೆದರುವ ಶ್ರಾವಕರನ್ನು ನಾನು ಬಲ್ಲೆ. ಅದೇ ಶ್ರಾವಕರು ಮನೆಯ ಮೂರನೆಯ ಒಂದು ಭಾಗವನ್ನು ಸೋದರಿಯಿಂದ ಪಡೆಯುವಾಗ ಹೆದರಲಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂಬುದಿದೆ, ಅಂದರೆ ಸುಳ್ಳು ಪತ್ರ ಬರೆಯುವುದು. ಮಗಳ ಹೆಸರಿಲ್ಲದ ವಂಶವೃಕ್ಷಕ್ಕೆ ಇದಕ್ಕಿಂತ ತಕ್ಕ ಹೆಸರು ದೊರೆಯಲಾರದು. ನ್ಯಾಸಾಪಹಾರವೆಂಬ ಅತಿಚಾರವು ಇನ್ನೂ ಸೂಕ್ಷ್ಮ. ಅಡವಿಟ್ಟವನು ತಾನಿಟ್ಟದ್ದು ಎಷ್ಟೆಂಬುದನ್ನು ಮರೆತು ಕಡಿಮೆ ಕೇಳಿದಾಗ, ಅವನ ಮರೆವನ್ನು ಲಾಭ ಮಾಡಿಕೊಂಡು ಅಷ್ಟನ್ನೇ ಕೊಡುವುದು. ತನ್ನ ಪಾಲೆಷ್ಟೆಂದು ತಿಳಿಯದ ಸೋದರಿಗೆ ಸೀರೆ ಕೊಟ್ಟು ಕಳಿಸುವುದು ಇದರಿಂದ ಹೇಗೆ ಭಿನ್ನವೆಂದು ನನಗೆ ತೋರಲಿಲ್ಲ.

ಈ ಪ್ರಶ್ನೆಯು ಕೇವಲ ಹಣದ್ದೂ ಅಲ್ಲ. ಕೇರಳದ ತಿರುವನಂತಪುರ ಜಿಲ್ಲೆಯ ವಿವಾಹಿತ ಸ್ತ್ರೀಯರನ್ನು ಕುರಿತು ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ನಡೆಸಿದ ಅಧ್ಯಯನವು 2005ರಲ್ಲಿ ಪ್ರಕಟವಾಯಿತು. ಯಾವ ಸ್ಥಿರಾಸ್ತಿಯೂ ಇಲ್ಲದ ಸ್ತ್ರೀಯರಲ್ಲಿ ಶೇಕಡಾ 49 ಮಂದಿ ಗಂಡನಿಂದ ದೈಹಿಕ ಹಿಂಸೆಯನ್ನು ಅನುಭವಿಸಿದ್ದರು. ಮನೆ ಮತ್ತು ಜಮೀನು ಎರಡೂ ಇದ್ದವರಲ್ಲಿ ಆ ಪ್ರಮಾಣ ಶೇಕಡಾ 7 ಮಾತ್ರ. ಹೋಗಲು ಒಂದು ಮನೆಯಿರುವ ಹೆಣ್ಣಿನ ಮೇಲೆ ಕೈಯೆತ್ತಲು ಗಂಡಸು ಹಿಂಜರಿಯುತ್ತಾನೆ ಎಂಬುದನ್ನು ತಿಳಿಯಲು ವಿಶೇಷ ಪಾಂಡಿತ್ಯ ಬೇಡ. ಇರುವೆಯ ಪ್ರಾಣಕ್ಕೆ ಕಾತರಿಸಿ ನೀರನ್ನು ಸೋಸಿ ಕುಡಿಯುವ ನಾವು, ಸೋದರಿಯನ್ನು ನಿರಾಶ್ರಿತಳನ್ನಾಗಿ ಮಾಡಿ ಅನ್ಯರ ಹಿಂಸೆಗೆ ದಾರಿ ತೆರೆಯುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಅಹಿಂಸೆಯ ವಿಚಾರವು ಅಲ್ಲಿಗೂ ತಲುಪಬೇಕು.

ಟ್ರಸ್ಟ್‌ಗಳು ಮಾಡಬಹುದಾದುದು

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಸುಮ್ಮನಿರಬೇಕಿಲ್ಲ. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚ ಧರ್ಮದ ದಿನ, ಲೋಭತ್ಯಾಗವನ್ನು ಕುರಿತ ಪ್ರವಚನದ ಜೊತೆಗೆ ವಕೀಲರೊಬ್ಬರಿಂದ ಉತ್ತರಾಧಿಕಾರದ ನಿಯಮಗಳನ್ನು ಕನ್ನಡದಲ್ಲಿ ತಿಳಿಸುವ ಏರ್ಪಾಡು ಮಾಡಬಹುದು. ಸಹಿ ಹಾಕುವ ಮೊದಲು ಪತ್ರವನ್ನು ಓದಿ ವಿವರಿಸುವ ಒಬ್ಬ ಹಿರಿಯ ಶ್ರಾವಿಕೆಯನ್ನೋ ವಕೀಲರನ್ನೋ ಊರೂರಿನಲ್ಲಿ ಗೊತ್ತುಮಾಡಬಹುದು. ಆಡಳಿತ ಮಂಡಳಿಗಳಲ್ಲಿ ಸ್ತ್ರೀಯರಿಗೆ ಸ್ಥಾನ ನೀಡಬಹುದು. ಬಸದಿಯ ಗೋಡೆಯ ದಾನಿಗಳ ಫಲಕವನ್ನು ಒಮ್ಮೆ ಓದಿರಿ. ಶ್ರೀಮತಿ ಎಂಬ ಹೆಸರುಗಳು ಬಹುತೇಕ ಗಂಡನ ಜೊತೆಗೋ ಮಗನ ಹಿಂದೆಯೋ ಇರುತ್ತವೆ. ಸಾವಿರ ವರ್ಷದ ಹಿಂದೆ ಲಕ್ಕುಂಡಿಯ ಕಲ್ಲಿನಲ್ಲಿ ಆ ಹೆಸರು ತಾನಾಗಿಯೇ ನಿಂತಿತ್ತು.

ಪರ್ವದ ಕೊನೆಗೆ ಬರುವ ಕ್ಷಮಾವಣಿಯಂದು ಪ್ರತಿವರ್ಷ ನಾನು ಅಕ್ಕನಿಗೆ ಪತ್ರ ಬರೆಯುತ್ತಿದ್ದೆ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಮನ್ನಿಸಬೇಕೆಂದು ಅಚ್ಚಾದ ಒಕ್ಕಣೆ. 2020ರ ತೀರ್ಪನ್ನು ವೃತ್ತಪತ್ರಿಕೆಯಲ್ಲಿ ಓದಿದ ವರ್ಷ ಆ ಕಾಗದದ ಮೇಲೆ ವಿಳಾಸ ಬರೆಯಲು ಕೈ ಬರಲಿಲ್ಲ. ನಮ್ಮ ಪತ್ರಕ್ಕೂ ಆ ತೀರ್ಪಿಗೂ ಕಾನೂನಿನಲ್ಲಿ ಸಂಬಂಧವಿರಲಿಲ್ಲ. ಆದರೆ ತಿಳಿದೇ ಮಾಡಿದ ತಪ್ಪನ್ನು ತಿಳಿಯದೆ ಮಾಡಿದ್ದೆಂಬಂತೆ ಇಪ್ಪತ್ತು ವರ್ಷ ಬರೆದಿದ್ದೆ. ಪಡೆದದ್ದನ್ನು ಹಿಂತಿರುಗಿಸದೆ ಕೇಳುವ ಕ್ಷಮೆ ಬರಿಯ ಶಿಷ್ಟಾಚಾರ.

ಮರುವರ್ಷ ನನ್ನ ಹೆಸರಿನ ಒಂದು ಮಳಿಗೆಯನ್ನು ಅಕ್ಕನ ಹೆಸರಿಗೆ ನೋಂದಾಯಿಸಿದೆ. "ಈಗ ಯಾಕಪ್ಪ ಇದೆಲ್ಲ?" ಎಂದಳು. ಈ ಬಾರಿ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಓದಿ ಹೇಳಿದೆ. ಕಾನೂನಿನ ಭಾಷೆಯಲ್ಲಿ ಅದಕ್ಕೆ ದಾನಪತ್ರವೆಂದು ಹೆಸರು. ನನ್ನ ಖತಾವಣಿಯಲ್ಲಿ ನಾನು ಅದನ್ನು ದಾನವೆಂದು ಬರೆದುಕೊಂಡಿಲ್ಲ, ಸಾಲದ ಮರುಪಾವತಿಯೆಂದು ಬರೆದಿದ್ದೇನೆ. ಇಪ್ಪತ್ತನಾಲ್ಕು ವರ್ಷಗಳ ಬಾಡಿಗೆ ಇನ್ನೂ ಬಾಕಿಯಿದೆ.